ಮೂರು ಪರದೆ, ಒಂದು ಖಾಲಿ ಜಾಗ

ಬಸವಕುಮಾರ ಬಟನ್ ಒತ್ತಿದ. ಮೂರೂ ಪರದೆಗಳು ಕಪ್ಪಾಗಿಯೇ ಉಳಿದವು.

ಮತ್ತೆ ಒತ್ತಿದ. ಫ್ಯಾನುಗಳು ತಿರುಗಿದವು, ಚಿತ್ರ ಬರಲಿಲ್ಲ. ಬಗ್ಗಿ ಕಂಪ್ಯೂಟರ್ ಕ್ಯಾಬಿನೆಟ್ಟಿನ ಗಾಜಿನ ಮೂಲಕ ಒಳಗೆ ನೋಡಿದ. ಗ್ರಾಫಿಕ್ಸ್ ಕಾರ್ಡ್ ಇರಬೇಕಾದ ಜಾಗ ಖಾಲಿ.

"ಅಪ್ಪಾ! ಕಾರ್ಡ್ ಕಳುವಾಗ್ಯಾದ!"

ಶಹಾಪುರದ ಬಸ್‌ಸ್ಟ್ಯಾಂಡ್ ರಸ್ತೆಯ ಆ ಗೇಮಿಂಗ್ ಸೆಂಟರ್ ಅಂದೇ ಶುರುವಾಗಬೇಕಿತ್ತು. ಹಿಂದಿನ ಸಂಜೆ ಪೂಜೆಯೂ ಮುಗಿದಿತ್ತು. ಸುರಪುರ, ಕೆಂಭಾವಿಯ ಹುಡುಗರನ್ನು ಸೆಳೆಯಲೆಂದೇ ಮೂರು ಫೋರ್-ಕೆ ಪರದೆಗಳ ಈ ಒಂದು ಯಂತ್ರ ಕಟ್ಟಿಸಿದ್ದರು. ಪರದೆಗಳಿಗೆ ಚಿತ್ರ ಕೊಡುವ ಆ ಕಾರ್ಡೇ ಅದರ ಜೀವ.

ತಂದೆ ಸಂಗಣ್ಣ ಬಾಗಿಲಲ್ಲೇ ನಿಂತಿದ್ದ. ಪಂಪ್‌ಸೆಟ್ ಮೋಟರ್‌ಗಳಿಗೆ ತಂತಿ ಸುತ್ತಿ ವೈಂಡಿಂಗ್ ಕಟ್ಟುತ್ತಾ ಮುದುಕನಾದವನು. ಹಣೆ ತುಂಬ ವಿಭೂತಿ. ಊರೆಲ್ಲ 'ಅಪ್ಪಾರ' ಎನ್ನುತ್ತಿತ್ತು.

"ಕೀಲಿ ಮುರದಿಲ್ಲ," ಬಸವಕುಮಾರ ಹೇಳಿದ. "ಒಂದು ಚಾವಿ ನಮ್ಮನ್ಯಾಗ ಅದ. ಇನ್ನೊಂದು ಮಷಿನ್ ಜೋಡ್ಸಿದ ಬುದ್ಧಪ್ರಿಯನ ಹಂತೇಕ."

ಸಂಗಣ್ಣ ನೆಲ ನೋಡಿದ.

"ಮತ್ತ ಅವನಽ ಇರಬೇಕು," ಅಂದ.

ಅಷ್ಟು ಸಾಕಾಯಿತು. ದೂರಿಗೆ ಸಂಗಣ್ಣನೇ ಸಹಿ ಹಾಕಿದ. ಪೊಲೀಸರು ಬುದ್ಧಪ್ರಿಯನ ತೋಳು ಹಿಡಿದು ಬಜಾರದ ನಡುವೆ ನಡೆಸಿಕೊಂಡು ಹೋದರು. ಚಹಾ ಬಿಟ್ಟು ಜನ ಎದ್ದು ಬಂದರು. "ಕಳ್ಳ ಸಿಕ್ಕ ನೋಡ್ರಲೇ!" ಎಂದು ಯಾರೋ ಕೂಗಿದರು. ಸಾಕ್ಷಿ ಯಾರೂ ಕೇಳಲಿಲ್ಲ. ಇಂಥವರ ವಿಷಯದಲ್ಲಿ ಕೇಳುವುದಿಲ್ಲ.

* * *

ಠಾಣೆಯಲ್ಲಿ ಎಸ್‌ಐ ದಾನೇಶ್ವರಿ ಕೇಳಿದ ಮೊದಲ ಪ್ರಶ್ನೆ, ನಿನ್ನೆ ಎಲ್ಲಿದ್ದೆ ಎಂಬುದಲ್ಲ.

"ಯಾವ ಓಣಿ ನಿಂದು?"

ಬುದ್ಧಪ್ರಿಯ ಹೇಳಿದ. ಗೋಡೆಗೊರಗಿದ್ದ ಹವಾಲ್ದಾರ ತಲೆಯಾಡಿಸಿದ. ಅವನ ಮಟ್ಟಿಗೆ ತನಿಖೆ ಮುಗಿದಿತ್ತು.

"ಸಣ್ಣ ಕಾರ್ಡ್ ಸಾಕಂತ ಮಾರೂ ಅಂಗಡ್ಯಾವ ಹೇಳಿದ್ನಂತ. ದೊಡ್ಡದಽ ಬೇಕಂತ ನೀ ಯಾಕ ಹಟ ಹಿಡದಿ?"

"ಪರದಿ ಮೂರು ಅದಾವ್ರಿ ಮೇಡಂ. ಸಾದಾ ಪರದಿ ನಾಕು ಕೂಡಿದ್ರ ಒಂದು ಫೋರ್-ಕೆ. ಮೂರಕ್ಕ ಹನ್ನೆರಡಾತು. ಅಷ್ಟೂ ಚಿತ್ರ ಒಂದಽ ಕಾರ್ಡ್ ತೆಗೀಬೇಕು. ಸಣ್ಣದು ಹಾಕಿದ್ರ ಮೆಮೊರಿ ತುಂಬಿ ಆಟ ತಡವರಸ್ತದ. ಹದಿನಾರು ಜಿಬಿದ್ದು ಇಲ್ಲಾಂದ್ರ ಪರದಿ ಮೂರು ತಂದು ಏನ್ ಉಪಯೋಗ್ರಿ?"

"ಮಾರಿದ್ರ ರೇಟೂ ಚೊಲೋ ಬರ್ತದ, ಹೌದಿಲ್ಲೋ ಮಗನ?" ಹವಾಲ್ದಾರ ನಕ್ಕ.

ಬುದ್ಧಪ್ರಿಯ ತಿಳಿದು ಆರಿಸಿದ್ದೇ ಅವನ ಕೊರಳಿಗೆ ಸುತ್ತಿಕೊಂಡಿತ್ತು.

"ಪೂಜಿ ಮಾಡಾಗ ಎಲ್ಲಿದ್ದಿ?" ದಾನೇಶ್ವರಿ ಕೇಳಿದಳು.

"ಹೊರಗರಿ."

"ಮಷಿನ್ ಜೋಡ್ಸಿದಾಂವ ನೀನು. ಒಳಗ್ಯಾಕ ಹೋಗಲಿಲ್ಲ?"

"ಬಾ ಅನ್ನಲಿಲ್ರಿ."

ದಾನೇಶ್ವರಿ ಕಣ್ಣು ತಪ್ಪಿಸಿದಳು. ಕೇಳಬಾರದಿತ್ತು. ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಮೋನಮ್ಮ ಕೂತಿದ್ದಳು. ಅಳುತ್ತಿರಲಿಲ್ಲ.

"ಮಂದಿ ಮನಿಯೊಳಗ ಹೊಕ್ಕು ಕಂಪ್ಯೂಟರ್ ರಿಪೇರಿ ಮಾಡ್ತಾನ್ರಿ ನನ್ನ ಮಗ. ಅದಕ್ಕಽ ಎಷ್ಟು ವರ್ಷ ಹಿಡೀತು. ಕಳ್ಳ ಅನಿಸ್ಕೊಂಡಮ್ಯಾಲ ಯಾರ ಹೊಸ್ತಿಲ ದಾಟಬೇಕ್ರಿ ಅಂವ?"

* * *

ದಾನೇಶ್ವರಿ ಗೇಮಿಂಗ್ ಸೆಂಟರಿಗೆ ತಾನೇ ಬಂದಳು; ಬಸವಕುಮಾರ ಬಾಗಿಲು ತೆಗೆದ. ಮೊದಲು ಕಾರ್ಡ್ ಮಾರಿದ ಯಾದಗಿರಿಯ ಗಯಾಸನಿಗೆ ಫೋನ್ ಹಚ್ಚಿದಳು. ಕಾರ್ಡಿನ ವಿಷಯಕ್ಕೆ ಬುದ್ಧಪ್ರಿಯನೊಡನೆ ಜಗಳವಾಡಿದ್ದವನು ಅವನೇ.

"ಜಗಳ ಆಡಿದ್ದು ಖರೇ ರೀ ಮೇಡಂ. ನನ್ನ ಹಂತೇಕ ಸಣ್ಣ ಕಾರ್ಡ್ ಉಳದಿತ್ತು, ಅದನ್ನ ದಾಟಸೂಣಂತ ನೋಡ್ದೆ. ಆ ಹುಡುಗ ಬಿಡಲಿಲ್ಲ. ಅದಕ್ಕಂತ ಶಹಾಪುರಕ್ಕ ಬಂದು ಕಳವು ಮಾಡ್ತೇನೇನ್ರಿ? ನಿನ್ನಿ ರಾತ್ರಿ ಹೈದರಾಬಾದ್ ರೈಲಿನ್ಯಾಗ ಇದ್ದೆ, ಟಿಕೆಟ್ ಕಳಸ್ಲೇನು?" ಮತ್ತೆ ಅವನೇ ಕೇಳಿದ. "ಕಾರ್ಡಿನ ಜೋಡಿ ಒಂದು ಕರೆಂಟಿನ ವೈರ್ ಕೊಟ್ಟಿದ್ದೆ. ಅದನ್ನೂ ಒಯ್ದಾರೇನ್ರಿ?"

"ಇಲ್ಲೇ ಜೋತಾಡಾಕತ್ತದ."

"ಹಂಗಾದ್ರ ಅಂವ ಎಂಥಾ ಕಳ್ಳರಿ? ಅದಿಲ್ದ ಕಾರ್ಡ್ ನಡೆಯಂಗಿಲ್ಲ. ಬುದ್ಧಪ್ರಿಯ ಕದ್ದಿದ್ರ ಮೊದ್ಲ ಅದನ್ನ ಕಿತ್ಕೊಂತಿದ್ದ."

ದಾನೇಶ್ವರಿ ವೈರನ್ನು ಹಿಡಿದು ನೋಡಿದಳು. ಅದರ ಬಾಯಿಗೆ ಬಿಳಿ ನೂಲಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಲಾಗಿತ್ತು. ಯಾರಿಗೂ ಶಾಕ್ ಹೊಡೆಯಬಾರದೆಂದು ಸುತ್ತಿದಂತೆ.

ಆಗ ಕೆಂಪು ಇರುವೆಗಳು ಕಂಡವು. ಸಾಲಾಗಿ ಕ್ಯಾಬಿನೆಟ್ಟಿನ ಮೇಲಿನ ಜಾಲರಿಯಿಂದ ಇಳಿದು ಕಾರ್ಡಿನ ಖಾಲಿ ಜಾಗಕ್ಕೆ ಹೋಗುತ್ತಿದ್ದವು. ಬೆರಳಿಟ್ಟಳು. ಅಂಟು.

"ಕಾಯಿ ಎಲ್ಲಿ ಒಡದ್ರಿ?"

"ಹೊಸ್ತಿಲಿಗಿರಿ," ಬಸವಕುಮಾರ ಅಂದ. "ಮಷಿನ್ ಹತ್ರ ನೀರು ತರಬ್ಯಾಡ್ರಂತ ಬುದ್ಧಪ್ರಿಯ ಮೊದಲಽ ಹೇಳಿದ್ದ."

"ಎಲ್ಲಾರೂ ಹೋದಮ್ಯಾಗ ಒಳಗ ಯಾರಿದ್ರು?"

"ಅಪ್ಪ ಒಬ್ರಽ. ದೀಪ ಆರೂತನ ಕುಂತು ಕೀಲಿ ಹಾಕ್ಕೊಂಡು ಬರ್ತೀನಂದ್ರು…"

ಬಸವಕುಮಾರ ವೈರಿನ ಬಿಳಿ ಪಟ್ಟಿಯನ್ನೇ ನೋಡಿದ.

* * *

ಸಂಗಣ್ಣನ ರಿವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿದ ಮೋಟರ್‌ಗಳ ತಂತಿಯ ತುದಿಗಳಿಗೆಲ್ಲ ಅದೇ ಬಿಳಿ ಪಟ್ಟಿ ಸುತ್ತಿತ್ತು. ಮೂಲೆಯಲ್ಲಿ ವಾರ್ನಿಶ್ ಹಚ್ಚಿದ ವೈಂಡಿಂಗ್ ಒಣಗಿಸುವ ತಗಡಿನ ಪೆಟ್ಟಿಗೆ. ಒಳಗೆ ದೊಡ್ಡ ಬಲ್ಬ್ ಉರಿಯುತ್ತಿತ್ತು.

ದಾನೇಶ್ವರಿ ಮುಚ್ಚಳ ತೆಗೆದಳು. ಬಲ್ಬಿನ ಕೆಳಗೆ ಗ್ರಾಫಿಕ್ಸ್ ಕಾರ್ಡ್. ಒಂದು ಬದಿ ಸುಟ್ಟು ಕರಿಯಾಗಿತ್ತು.

"ಅಪ್ಪಾ?" ಬಸವಕುಮಾರ ಪಕ್ಕದಲ್ಲಿ ನಿಂತಿದ್ದ ತಂದೆಯತ್ತ ತಿರುಗಿದ.

"ಮಾರಾಕ ಕದ್ದಾಂವ ವೈರ್ ಬಿಟ್ಟು ಹೋಗಂಗಿಲ್ಲ," ದಾನೇಶ್ವರಿ ಹೇಳಿದಳು. "ಸಿಹಿ ನೀರು ಬೀಳದ ಇರುವಿ ಬರಂಗಿಲ್ಲ. ವೈರಿನ ಬಾಯಿಗೆ ಪಟ್ಟಿ ಸುತ್ತೂದು ಮೋಟರ್ ಬಿಚ್ಚವರ ಕೈ ರೂಢಿ. ಕಡೀಕ ಒಳಗಿದ್ದವರು ನೀವು. ಇನ್ನ ನೀವಽ ಹೇಳ್ರಿ ಅಪ್ಪಾರ."

ಸಂಗಣ್ಣ ಸ್ಟೂಲಿನ ಮೇಲೆ ಕೂತ.

"ಕಾಯಿನೀರು ಹಾಕಲಾರದ ಒಂದು ಮೋಟರೂ ಚಾಲೂ ಮಾಡಿದಾಂವ ಅಲ್ಲವ್ವ ನಾ. ಹೊಸ್ತಿಲಿಗೆ ಒಡದ್ರ ಮಷಿನ್‌ಗೆ ಮುಟ್ಟತದೇನು? ಮಂದಿ ಹೋದಮ್ಯಾಗ ಇನ್ನೊಂದು ಒಡದು ಮಷಿನ್ ನೆತ್ತಿ ಮ್ಯಾಲ ನೀರು ಹಾಕ್ದೆ. ಮಷಿನ್ ಚಾಲೂ ಇತ್ತು. ಚಟ್ ಅಂತು, ಕಿಡಿ ಬಂತು. ಬಿಚ್ಚಿ ಇಲ್ಲಿ ತಂದಿಟ್ಟೆ, ಒಣಗಿದ್ರ ನಡೀತದಂತ. ಮುಂಜಾನಿ ಮಗ ಕಳುವಾತಂತ ಚೀರಿದ. ಸುಟ್ಟಾಂವ ನಾನಂತ ಮಗನ ಮುಂದ ಹ್ಯಾಂಗ ಹೇಳ್ಲಿ? ಬಾಯಿಗೆ ಆ ಹುಡುಗನ ಹೆಸರು ಬಂತು."

"ನಿಮ್ಮ ಬಾಯಿಗೆ ಬಂತು. ನನ್ನ ಕಿವಿ ನಂಬ್ತು," ಅವಳು ಅಂದಳು. "ಅದು ಹಂಗ್ಯಾಕ ಅಷ್ಟು ಸಲೀಸ ಬಂತು, ಹಂಗ್ಯಾಕ ಅಷ್ಟು ಸಲೀಸ ನಂಬ್ತು? ಸುಳ್ಳು ದೂರಿಗೆ ನಿಮ್ಮ ಮ್ಯಾಲ ಕೇಸಾಗ್ತದ. ನಾ ಮಾಡಿದ್ದಕ್ಕ ನಾನಽ ಮ್ಯಾಲಿನವರಿಗೆ ಬರೀತೀನಿ."

* * *

"ಠಾಣೆಯೊಳಗಽ ಕೈ ಮುಗೀತೀನಿ," ಸಂಗಣ್ಣ ಬೇಡಿದ. "ಮಂದ್ಯಾಗ ತಪ್ಪು ಒಪ್ಪೂದು ಬ್ಯಾಡವ್ವ."

"ಹಿಡ್ಕೊಂಡು ಹೋಗಿದ್ದು ಮಂದ್ಯಾಗ್ರಿ," ಮೋನಮ್ಮ ಅಂದಳು.

ಬಜಾರದ ನಡುವೆ ದಾನೇಶ್ವರಿಯೇ ಮೊದಲು ಮಾತಾಡಿದಳು, ಟೋಪಿ ಕೈಯಲ್ಲಿ ಹಿಡಿದು. "ಈ ಹುಡುಗ ಕಳ್ಳ ಅಲ್ಲ. ಕೇಳಲಾರದ, ನೋಡಲಾರದ ಕರಕೊಂಡು ಹೋದಾಕಿ ನಾನು. ತಪ್ಪು ನಂದು."

ಆಮೇಲೆ ಸಂಗಣ್ಣ. ತುಟಿ ಅಲುಗಿತು.

"ಕೇಳಸ್ಲಿಲ್ರಿ ಅಪ್ಪಾರ," ಮೋನಮ್ಮ ಅಂದಳು.

"ಕಾರ್ಡ್ ಸುಟ್ಟಾಂವ ನಾನು. ಇವನ ಮ್ಯಾಲ ಹಾಕ್ದಾಂವ ನಾನು."

ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಸವಕುಮಾರ ಮುಂದೆ ಬಂದು ಬುದ್ಧಪ್ರಿಯನ ಪಕ್ಕ ನಿಂತ.

ಬುದ್ಧಪ್ರಿಯ ಮಾತ್ರ ತಲೆ ತಗ್ಗಿಸಿಯೇ ನಿಂತಿದ್ದ. ಏನೂ ಮಾಡದವನ ಕಿವಿಗಳು ಕೆಂಪಾಗಿದ್ದವು. ಇಷ್ಟು ಜನ ಸೇರಿ ಮಾಡಿದ ತಪ್ಪಿಗೆ ನಾಚಿಕೆ ಅವನ ಪಾಲಿಗೆ ಬಂದಿತ್ತು.

ಮೋನಮ್ಮ ಮಗನ ಗದ್ದ ಹಿಡಿದು ಮುಖ ಮೇಲೆತ್ತಿದಳು.

"ಎತ್ತು," ಅಂದಳು. "ಅವರು ನೋಡ್ಲಿ."