ಪುಕ್ಕಟೆ ಹತ್ತು

ಜುಲೈ 8, ಸೋಮವಾರ ಬೆಳಿಗ್ಗೆ 8.40ಕ್ಕೆ ಸಲ್ಚೇನಿ ಪೊಲೀಸ್ ಠಾಣೆಗೆ ಬಂದದ್ದು ಕಳವಿನ ದೂರು. ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವ ಪ್ರೋಫಿರಾ ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಓಡಿ ಬಂದಿದ್ದಳು. ಮಗಳ ಹತ್ತು ಅಂಕ ಕಳವಾಗಿದೆ ಎಂದಳು.

"ಯಾವ ಹತ್ತು?" ಇನ್‌ಸ್ಪೆಕ್ಟರ್ ಸೋರಿನ್ ಬೋಟ್ಸಾನ್ ಕೇಳಿದ.

"ಪುಕ್ಕಟೆ ಹತ್ತು ಸಾರ್. ಖಾಲಿ ಹಾಳೆ ಕೊಟ್ಟು ಎದ್ದು ಬಂದೋನಿಗೂ ಸರ್ಕಾರ ಕೊಡತ್ತಲ್ಲ, ಅದು. ನಮ್ಮ ಇಲಿಂಕಾಗೆ ಅದೂ ಇಲ್ಲ. ಗಣಿತದ ಪತ್ರಿಕೆ ಸ್ಕ್ರೀನಲ್ಲಿ ತೋರಿಸಿದ್ರು. ಕೆಂಪು ಗುರುತು ಹಾಕಿದ್ದನ್ನೆಲ್ಲ ನಾನೇ ಕೂಡಿದೆ, ನಲವತ್ಮೂರು. ಫಲಿತಾಂಶದಲ್ಲೂ ನಲವತ್ಮೂರೇ. ಹತ್ತು ಎಲ್ಲಿಗೆ ಹೋಯ್ತು?"

ಐವತ್ತಕ್ಕೆ ಪಾಸು. ಸಂಜೆ ನಾಲ್ಕಕ್ಕೆ ಅಂತಿಮ ಪಟ್ಟಿ ಮುಚ್ಚುತ್ತದೆ. ಆಮೇಲೆ ಇಲಿಂಕಾಳ ನರ್ಸಿಂಗ್ ಸೀಟು ಬೇರೆಯವರ ಪಾಲು. ಮೌಲ್ಯಮಾಪನ ಕೇಂದ್ರದವರು "ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ" ಎಂದು ಎರಡು ಸಲ ಅವಳನ್ನು ಸಾಗಹಾಕಿದ್ದರು.

"ಸಾರ್, ನಾನು ಗಣಿತ ಪಾಸಾಗಿದ್ದೇ ಆ ಹತ್ತರಿಂದ," ಎಂದಳು ಕಾನ್‌ಸ್ಟೇಬಲ್ ವಿಯೋರಿಕಾ. "ಅದನ್ನ ಕದ್ದೋರು ಮನುಷ್ಯರೇ ಅಲ್ಲ."

8.55ಕ್ಕೆ ಎಫ್‌ಐಆರ್ ದಾಖಲಾಯಿತು.

ಕೇಂದ್ರವಿದ್ದದ್ದು ಊರಿನ ಪ್ರೌಢಶಾಲೆಯ ಮೊದಲ ಮಹಡಿಯಲ್ಲಿ. ಅಲ್ಲಿ ತಂತ್ರಾಂಶ ನೋಡಿಕೊಳ್ಳುತ್ತಿದ್ದವರು ಇಬ್ಬರೇ. ಒಬ್ಬ ಆಪರೇಟರ್ ನೇಲು, ನಲವತ್ತರ ಆಸಾಮಿ. ಇನ್ನೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದ ಗಣಿತದ ಅಧ್ಯಾಪಕಿ ಅಗ್ಲಾಯಾ ಪಾವೆಲ್. ಈಕೆ ಸೋರಿನ್‌ಗೆ ನಾಲ್ಕು ವರ್ಷ ಪಾಠ ಮಾಡಿದವರು. ಅವರನ್ನು ಕಂಡದ್ದೇ ಅವನು ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಿಬಿಟ್ಟ.

"ನೀನಾ? ಹೊಟ್ಟೆ ಬಂದುಬಿಟ್ಟಿದೆಯಲ್ಲೋ," ಎಂದರು ಅಗ್ಲಾಯಾ.

ನೇಲು ಸೆಟ್ಟಿಂಗ್ ಪುಟ ತೆರೆದ. ಸರಿ ಉತ್ತರಕ್ಕೆ ಯಾವ ಗುರುತು, ಯಾವ ಪ್ರಶ್ನೆಗೆ ಎಷ್ಟು ಅಂಕ, ಇಬ್ಬರು ಪರೀಕ್ಷಕರ ನಡುವೆ ಎಷ್ಟು ವ್ಯತ್ಯಾಸವಾದರೆ ಮೂರನೆಯವರು ಎಂದೆಲ್ಲ ನಮೂದಿಸುವ ಪುಟ ಅದು. ಕೊನೆಯಲ್ಲಿ ಪುಕ್ಕಟೆ ಹತ್ತನ್ನು ನಮೂದಿಸುವ 'ಆರಂಭದ ಅಂಕ' ಎಂಬ ಚೌಕ. ಪತ್ರಿಕೆ ತಿದ್ದುವ ಎಲ್ಲ ಕೋಣೆಗಳಿಗೂ ಹತ್ತೇ ಇತ್ತು. ಆದರೆ ಬದಲಾವಣೆಗಳ ದಾಖಲೆ ಬೇರೆಯೇ ಹೇಳಿತು. ಜೂನ್ 26, ಮಧ್ಯಾಹ್ನ 3.10: ಮೂರನೇ ಕೋಣೆ, ಹತ್ತು ಇದ್ದದ್ದು ಸೊನ್ನೆ, ಬಳಸಿದ್ದು ಇಬ್ಬರಿಗೂ ಗೊತ್ತಿದ್ದ ಕೇಂದ್ರದ ಪಾಸ್‌ವರ್ಡ್. ಇಲಿಂಕಾಳದ್ದೂ ಸೇರಿ ಆ ಕೋಣೆಯ ನಲವತ್ತೊಂದು ಪತ್ರಿಕೆಗಳ ಮೊತ್ತ ಹತ್ತಿಲ್ಲದೆಯೇ ಫಲಿತಾಂಶಕ್ಕೆ ಹೋಗಿತ್ತು. ಜುಲೈ 4, ಬೆಳಿಗ್ಗೆ 11.40: ಸೊನ್ನೆ ಮತ್ತೆ ಹತ್ತು, ಈ ಸಲ ನೇಲುವಿನ ಪಾಸ್‌ವರ್ಡ್. ಅದು ಫಲಿತಾಂಶ ಬಂದ ಮಾರನೆಯ ದಿನ.

ಎರಡನೆಯದರ ಮುಂದೆ 'ಕಾರಣ' ಎಂಬಲ್ಲಿ ಒಂದು ಸಾಲಿತ್ತು. ಫಲಿತಾಂಶದ ನಂತರ ಏನು ಬದಲಿಸಿದರೂ ಅದನ್ನು ತುಂಬದೆ ತಂತ್ರಾಂಶ ಮುಂದೆ ಹೋಗಲು ಬಿಡುವುದಿಲ್ಲ. 'ಲೆಕ್ಕ ಸರಿಪಡಿಸಿದೆ. ಇನ್ನು ಮುಂದೆ ಗಮನವಿರಲಿ.'

ಸೋರಿನ್ ಅದನ್ನು ಓದಿದ. ಅವನ ಕಿವಿ ಬಿಸಿಯಾಯಿತು. 'ಇನ್ನು ಮುಂದೆ ಗಮನವಿರಲಿ' ಎಂಬ ಆ ಮಾತು ನಾಲ್ಕು ವರ್ಷ ಅವನ ನೋಟ್‌ಬುಕ್ಕಿನ ಪುಟಪುಟದ ಕೆಳಗೂ ಕೆಂಪು ಶಾಯಿಯಲ್ಲಿ ಇರುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಶಾಲೆ ಮುಗಿದ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟದ್ದೂ ಅದೇ ಕೈ. ಅವನು ತಲೆ ಎತ್ತಿ ಅಗ್ಲಾಯಾ ಅವರನ್ನು ನೋಡಲಿಲ್ಲ. 10.05ಕ್ಕೆ ಪಂಚನಾಮೆ ಬರೆಸಿ, ನೇಲುವನ್ನು ಜೀಪು ಹತ್ತಿಸಿದ.

"ಜುಲೈ ನಾಲ್ಕು, ಹನ್ನೊಂದೂ ನಲವತ್ತು. ಎಲ್ಲಿದ್ದೆ?"

"ಹಲ್ಲು ಕೀಳಿಸ್ಕೊತಿದ್ದೆ ಸಾರ್."

"ಸಾಕ್ಷಿ?"

ನೇಲು ಬಾಯಿ ತೆರೆದು ತೋರಿಸಿದ.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಕೀಬೋರ್ಡ್ ಅಡಿ ಚೀಟಿ ಅಂಟಿಸಿದೀನಿ. ಯಾರು ಬೇಕಾದ್ರೂ... ಸಾರ್, ನನ್ನ ಹೆಂಡ್ತಿ ಹೊರಗೆ ನಿಂತಿದಾಳೆ. ಪೇಟೆಯೋರೆಲ್ಲ ನೋಡ್ತಿದಾರೆ."

ಹೇಳಿಕೆ ಮುಗಿಯಿತು. ಆದರೂ ಸೋರಿನ್ ಅವನನ್ನು ಬಿಡಲಿಲ್ಲ. ವೈದ್ಯರ ಬಳಿ ವಿಚಾರಿಸಲಿ ಎಂದು ವಿಯೋರಿಕಾಳನ್ನು ಕಳಿಸಿ, ಸುಮ್ಮನೆ ಕಡತ ತಿರುವುತ್ತ ಕೂತ. ನಿಜ ಗೊತ್ತಿದ್ದೂ ಕೂತಿದ್ದ, ನಾಚಿಕೆಗೇಡಿನ ಕೆಲಸ. 12.50ಕ್ಕೆ ಅವಳು ವೈದ್ಯರ ಚೀಟಿ ತಂದು ಮೇಜಿನ ಮೇಲಿಟ್ಟಳು.

"ನೇಲು ಅಲ್ಲ ಸಾರ್. ನಿಮಗೆ ಬೆಳಿಗ್ಗೇನೇ ಗೊತ್ತಿತ್ತು ಅನ್ಸತ್ತೆ."

ಅವನು ಟೋಪಿ ತೆಗೆದುಕೊಂಡು ಎದ್ದ.

1.30ಕ್ಕೆ ಕೇಂದ್ರದಲ್ಲಿ ಅಗ್ಲಾಯಾ ಒಬ್ಬರೇ ಇದ್ದರು. ಸೋರಿನ್ ದಾಖಲೆಯ ಹಾಳೆ ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಇದು ನಿಮ್ಮ ಮಾತು ಟೀಚರ್."

ಅವರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕಳ್ಳತನ ಮಾಡುವಾಗಲೂ ಅಭ್ಯಾಸ ಬಿಡಲಿಲ್ಲ ನೋಡು," ಎಂದರು.

"ಏನಾಯ್ತು?"

"ಮೂರನೇ ಕೋಣೆಯವರು ಹಳೇ ಪದ್ಧತಿ ಬಿಡದೆ ಪತ್ರಿಕೆ ತಲೆ ಮೇಲೆ ಕೈಯಲ್ಲೇ ಹತ್ತು ಬರೆದ್ರು. ಕಂಪ್ಯೂಟರೂ ಹತ್ತು ಸೇರಿಸ್ತಿತ್ತು. ಎಲ್ರಿಗೂ ಇಪ್ಪತ್ತಾಯ್ತು. ನಾನು ಚೌಕದಲ್ಲಿ ಸೊನ್ನೆ ಹಾಕ್ದೆ. ಕೈಯಲ್ಲಿ ಬರೆದಿದ್ದನ್ನ ಅಳಿಸಿ ಅಂತ ಆ ಕೋಣೆಗೆ ನೇಲು ಆಗಲೇ ಹೇಳಿದ್ನಂತೆ. ಅವರೂ ಅಳಿಸಿದ್ರು. ಎರಡೂ ಹೋಯ್ತು. ಫಲಿತಾಂಶ ಬಂದ್ಮೇಲೆ ಗೊತ್ತಾಗಿ, ಕೀಬೋರ್ಡ್ ಅಡಿ ಇದ್ದ ಚೀಟಿ ನೋಡಿ ನೇಲು ಹೆಸರಲ್ಲಿ ಮತ್ತೆ ಹತ್ತು ಹಾಕ್ದೆ."

"ಗೊತ್ತಾದ ದಿನಾನೇ ಹೇಳ್ಬಹುದಿತ್ತು."

"ಹೊಸ ತಂತ್ರಾಂಶ ಇವರ ಕೈಲಾಗಲ್ಲ ಅಂತ ಸಭೆಯಲ್ಲಿ ನಕ್ಕಿದ್ರು ಕಣೋ. ನಾನು ಮೇಜು ಕುಟ್ಟಿ ಆಗತ್ತೆ ಅಂದಿದ್ದೆ. ಮೂವತ್ತೆಂಟು ವರ್ಷ ಮಕ್ಕಳ ತಪ್ಪು ಎತ್ತಿ ತೋರಿಸ್ದೋಳು. ನನ್ನ ತಪ್ಪು ಹೇಳೋಕೆ ಬಾಯೇ ಬರ್ಲಿಲ್ಲ. ನೇಲುನ ನೀನು ಕರ್ಕೊಂಡು ಹೋಗುವಾಗ್ಲೂ ಬರ್ಲಿಲ್ಲ."

ಅವರು ಅತ್ತರು. ಸೋರಿನ್ ಕಿಟಕಿಯ ಕಡೆ ತಿರುಗಿ ನಿಂತ.

2.10ಕ್ಕೆ ಅಗ್ಲಾಯಾ ತಪ್ಪೊಪ್ಪಿಗೆಯ ಪತ್ರವನ್ನು ತಮ್ಮ ಕೈಯಾರೆ ಬರೆದುಕೊಟ್ಟರು. ವಿಯೋರಿಕಾ ಅದನ್ನು ಜಿಲ್ಲಾ ಕಚೇರಿಗೆ ಹೊತ್ತು ಓಡಿದಳು. 3.35ಕ್ಕೆ ನಲವತ್ತೊಂದು ಪತ್ರಿಕೆಗೂ ಹತ್ತು ಸೇರಿತು; ಇಲಿಂಕಾಗೆ ಐವತ್ಮೂರು. ನೇಲು ಮನೆಗೆ ಹೋದ, ಸೋರಿನ್ ಚಾಚಿದ ಕೈ ಹಿಡಿಯದೆ.

ದಾಖಲೆ ತಿದ್ದಿ ಇನ್ನೊಬ್ಬರ ತಲೆಗೆ ಕಟ್ಟಿದ ಆರೋಪದ ಮೇಲೆ 4.20ಕ್ಕೆ ಅಗ್ಲಾಯಾ ಪಾವೆಲ್ ಬಂಧನವಾಯಿತು. ಸೋರಿನ್ ತನಿಖಾ ವರದಿಯನ್ನು ಅವರ ಮುಂದಿಟ್ಟ. ಕನ್ನಡಕ ಏರಿಸಿ ಸಾಲುಸಾಲಾಗಿ ಓದಿದ ಅವರ ಬೆರಳು ಒಂದು ಕಡೆ ನಿಂತಿತು. '10.05ಕ್ಕೇ ಅಪರಾಧಿಯ ಗುರುತು ಸಿಕ್ಕಿದ್ದರೂ, ತನಿಖಾಧಿಕಾರಿ ಸ್ವಂತ ಸಂಕೋಚದಿಂದ 1.30ರವರೆಗೆ ಸುಮ್ಮನಿದ್ದು, ನಿರಪರಾಧಿಯನ್ನು ಠಾಣೆಯಲ್ಲಿ ಕೂರಿಸಿದ್ದಾನೆ.'

"ಇದನ್ಯಾಕೆ ಬರೆದೆ? ನಿನ್ನ ಕೆಲಸಕ್ಕೇ ಕುತ್ತು."

"ಆಗಿದ್ದು ಅದೇ ಟೀಚರ್."

ಅವರು ಪೆನ್ನು ತೆಗೆದುಕೊಂಡು ತಮ್ಮ ಹೇಳಿಕೆಯ ಕೆಳಗೆ ಸಹಿ ಹಾಕಿದರು. ಸಹಿಯ ಕೆಳಗೆ ಹಳೇ ಅಭ್ಯಾಸದಂತೆ ಇನ್ನೊಂದು ಸಾಲು ಬರೆಯಲು ಹೋದ ಕೈ ಅಲ್ಲೇ ನಿಂತಿತು. ಪೆನ್ನು ಮುಚ್ಚಿ ಅವನಿಗೆ ವಾಪಸು ಕೊಟ್ಟರು.