ಉದ್ದ ವೈರಿನ ಪರೀಕ್ಷೆ

"ಮೆಲ್ಲಗೆ! ರೀ, ಮೆಲ್ಲಗೆ!"

ಕೂಗು ಮುಗಿಯುವುದರೊಳಗೆ ಅವಳು ಪ್ಲಗ್ ಕಿತ್ತಾಗಿತ್ತು.

ಮೇಜಿನ ಮೇಲಿದ್ದ ಬಲ್ಬು ಆರಲಿಲ್ಲ. ಮಿಣುಕಲೂ ಇಲ್ಲ. ಅಂಗೈಯಗಲದ ಆ ಹಸಿರು ಸರ್ಕ್ಯೂಟ್ ಬೋರ್ಡು, ಒಂದು ಕಡೆಯ ಕರೆಂಟು ಹೋದದ್ದೇ ತಡ, ಇನ್ನೊಂದು ಕಡೆಯದನ್ನು ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಕುಳಿತಿತ್ತು.

ಅವಳು ತಲೆ ಎತ್ತಿದಳು. ಎದುರಿಗೆ ಉಸಿರು ಬಿಗಿಹಿಡಿದು ನಿಂತಿದ್ದ ಒಬ್ಬ ಎತ್ತರದ ಗಂಡಸು, ಕೈ ಚಾಚಿ ಬೋರ್ಡನ್ನು ಎತ್ತಿಕೊಳ್ಳುವವನಂತೆ ಮುಂದೆ ಬಾಗಿದ್ದ.

"ಇದು ನಿಮ್ಮ ಬೋರ್ಡಾ?"

"ಹೌದು. ನಾನು ಹೊಸ ಡಿಸೈನರ್. ನೀವು ಹಾಗೆ ಒಂದೇ ಏಟಿಗೆ ಕಿತ್ರೆ..."

"ಕರೆಂಟು ಹೋಗುವಾಗ ನಿಮ್ಮನ್ನ ಕೇಳಿಕೊಂಡು ಹೋಗುತ್ತಾ? ಕೈ ಹಿಂದೆ ಕಟ್ಕೊಳ್ಳಿ."

"ಏನು?"

"ಇಲ್ಲಿನ ರೂಲ್ಸು. ಬೋರ್ಡು ಮಾಡಿದವರು ಪರೀಕ್ಷೆ ಮುಗಿಯೋವರೆಗೂ ಮುಟ್ಟೋ ಹಾಗಿಲ್ಲ. ಹೆತ್ತ ಕರುಳು ನೋಡಿ, ಕೈ ಸುಮ್ಮನಿರಲ್ಲ."

ಅವನು ನಿಜಕ್ಕೂ ಕೈ ಹಿಂದೆ ಕಟ್ಟಿಕೊಂಡ! ಶಾಲೆಯಲ್ಲಿ ಬೈಸಿಕೊಂಡ ಹುಡುಗನಂತೆ ನಿಂತ ಅವನನ್ನು ನೋಡಿ ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಅದನ್ನು ಅವನು ನೋಡಿಬಿಟ್ಟ. ನೋಡಿದ್ದನ್ನು ಅವಳೂ ನೋಡಿದಳು...

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಹೆಸರಿಟ್ಟವನು ಹಳೆಯ ಡಿಸೈನರ್ ಒಬ್ಬ. ಅವನ ಬೋರ್ಡು ಅವಳ ಮೇಜಿನ ಮೇಲೆ ಸುಟ್ಟುಹೋಗಿತ್ತು. 'ನಾನೇನು ಸುಟ್ಟೆನೆ? ಸುಡುವಂಥದ್ದನ್ನು ಮಾಡಿ ತಂದವನು ಅವನು' ಎಂದು ಅವಳು ಹೇಳಿದರೂ ಹೆಸರು ಅಂಟಿಕೊಂಡಿತು.

ಹೊಸಬನಿಗೆ ಹೆಸರಿಟ್ಟವಳು ಅವಳೇ. ಸ್ಕ್ರೂ ಬಿಗಿಯುವಾಗ ಮೆಲ್ಲಗೆ, ವೈರು ಜೋಡಿಸುವಾಗ ಮೆಲ್ಲಗೆ, ಯಂತ್ರದಿಂದ ಚಹಾ ಹಿಡಿಯುವಾಗಲೂ ಮೆಲ್ಲಗೆ. ಹಾಗಾಗಿ ಅವನು ಮೆಲ್ಲಣ್ಣನಾದ.

ಮನೆಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಊಟಕ್ಕೆ ಕೂತ್ರೆ ಮೆಲ್ಲಣ್ಣ, ಎದ್ರೆ ಮೆಲ್ಲಣ್ಣ. ಮನಸ್ಸಲ್ಲಿ ಬೇರೆ ಏನಾದ್ರೂ ಇದ್ರೆ ಆ 'ಅಣ್ಣ'ನ ಈಗಲೇ ಕಿತ್ತುಹಾಕೇ, ಆಮೇಲೆ ಕಷ್ಟ!"

"ಥೂ, ಸುಮ್ನಿರೇ ಅಕ್ಕ!" ಎಂದಳು ಕಿಡಿ. ಕಿವಿ ಮಾತ್ರ ಕೆಂಪಾಗಿತ್ತು.

ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡು ಅವಳದು. ಗುಬ್ಬಿಮರಿಯಷ್ಟೇ ಇರುವ ಆ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿರುತ್ತಾರೆ. ಮೆಲ್ಲಣ್ಣನ ಬೋರ್ಡು ಹೋಗಿ ಕೂರಬೇಕಾದದ್ದು ಅಂಥ ಪೆಟ್ಟಿಗೆಗಳ ಅಡಿಯಲ್ಲೇ. ಎರಡು ಕಡೆಯಿಂದ ಕರೆಂಟು ಒಳಗೆ. ಒಂದು ಕೈಕೊಟ್ಟರೆ ಇನ್ನೊಂದು ಹೊರಬೇಕು. ಮಗುವಿಗೆ ಗೊತ್ತೇ ಆಗಬಾರದು. ಈಗ ಮೇಜಿನ ಮೇಲಿರುವುದು ಪರೀಕ್ಷೆಗೆಂದು ಮಾಡಿದ ಮಾದರಿ. ಇದು ಪಾಸಾದರೆ ನೂರಾರು.

"ಅದೆಲ್ಲ ಸರಿ," ಎಂದಳು ಅಕ್ಕ ಒಂದು ಸಂಜೆ ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಾ, "ನಮ್ಮ ವಾರ್ಡಲ್ಲಿ ಪ್ಲಗ್ಗು ಒಂದು ಮೂಲೆಗೆ, ಪೆಟ್ಟಿಗೆ ಇನ್ನೊಂದು ಮೂಲೆಗೆ. ನಡುವೆ ಇಷ್ಟುದ್ದ ವೈರು. ಅದಕ್ಕೆ ಎಡವಿ ಬೀಳದ ನರ್ಸ್ ಯಾರಾದ್ರೂ ಇದ್ರೆ ಹಾರ ಹಾಕಿ ಸನ್ಮಾನ ಮಾಡ್ಬೇಕು ನೋಡು."

ಕಿಡಿ ಊಟದ ತಟ್ಟೆಯ ಮೇಲೆ ಕೈ ಇಟ್ಟು ಹಾಗೇ ಕುಳಿತಳು.

ಉದ್ದ ವೈರು... ನಾವು ಲ್ಯಾಬಿನಲ್ಲಿ ಹಾಕುವುದು ಗೇಣುದ್ದದ ದಪ್ಪ ವೈರು!

ಮರುದಿನ ಅವಳು ಅಕ್ಕನ ಮಾತನ್ನು ಮೆಲ್ಲಣ್ಣನಿಗೆ ಹೇಳಿ, ಅವನ ಎದುರಿಗೇ ಉಗ್ರಾಣದಿಂದ ಒಂದು ಸುರುಳಿ ತೆಳ್ಳನೆಯ ವೈರು ತಂದು ಬೋರ್ಡಿನಲ್ಲಿ ಮೊದಲನೆಯ ಕರೆಂಟು ಬರುವ ಬಾಯಿಗೆ ಜೋಡಿಸಿದಳು. ಎರಡನೆಯ ಕಡೆ ಕರೆಂಟು ಭದ್ರವಾಗಿತ್ತು. ಈ ಸಲ ಪ್ಲಗ್ ಕೀಳಲಿಲ್ಲ. ಸೊರಗುತ್ತಿರುವ ಕರೆಂಟು ಇಳಿಯುವ ಹಾಗೆ, ಅದನ್ನು ಕೊಡುವ ಯಂತ್ರದ ತಿರುಪನ್ನು ತಿರುಗಿಸುತ್ತಾ ಹೋದಳು. ಮೆಲ್ಲಗೆ, ತುಂಬಾ ಮೆಲ್ಲಗೆ...

ಬಲ್ಬು ಮಿಣುಕಿತು. ಮತ್ತೆ ಮಿಣುಕಿತು. ಪಟಪಟನೆ ಹೊಡೆದುಕೊಂಡು ಆರಿಹೋಯಿತು.

ಎರಡನೆಯ ಕಡೆ ಪೂರ್ತಿ ಬಲ ಇದ್ದಾಗಲೇ!

ಮೆಲ್ಲಣ್ಣನ ಮುಖ ಬಿಳಿಚಿತು. ಕೈ ಹಿಂದೆಯೇ ಇತ್ತು. ಅಳತೆಯ ಯಂತ್ರದ ಪರದೆಯ ಮೇಲಿನ ಗೆರೆ ಗರಗಸದ ಹಲ್ಲಿನಂತೆ ಏರಿಳಿದದ್ದನ್ನು ನೋಡುತ್ತಾ ಅವನೇ ಹೇಳಿದ. "ಭಾರ ಹೊತ್ತಾಗ ಉದ್ದದ ತೆಳು ವೈರಲ್ಲೇ ಕರೆಂಟು ಸೊರಗುತ್ತೆ. ಮೊದಲನೇದು ಸೋಲ್ತಿದೆ ಅಂತ ಬೋರ್ಡು ಬಿಟ್ಟುಬಿಡುತ್ತೆ. ಭಾರ ಇಳಿದ ತಕ್ಷಣ ಅದು ಚೇತರಿಸಿಕೊಂಡ ಹಾಗೆ ಕಾಣುತ್ತೆ. ಬೋರ್ಡು ನಂಬಿ ವಾಪಸ್ ಓಡುತ್ತೆ. ಹೋದ್ರೆ ಮತ್ತೆ ಕುಸಿತ... ಹೀಗೇ ಓಡಾಡಿ ಓಡಾಡಿ ಸಾಯುತ್ತೆ."

"ಪೂರ್ತಿ ಸತ್ತಿದ್ರೆ ಕೈಬಿಡ್ತಿತ್ತು. ಅರ್ಧ ಸತ್ತಿರೋದನ್ನ ನಂಬ್ತಾ ಇದೆ," ಎಂದಳು ಕಿಡಿ.

"ನೀವಲ್ಲದೆ ಬೇರೆ ಯಾರಿಗೂ ಇದು ಸಿಕ್ತಿರಲಿಲ್ಲ." ಅವನು ಪರದೆ ಬಿಟ್ಟು ಅವಳತ್ತ ತಿರುಗಿದ. "ನಾಳೆ ಮ್ಯಾನೇಜರ್‌ಗೆ ಹೇಳೋಣ. ಇಬ್ಬರೂ ಒಟ್ಟಿಗೆ ಹೋಗೋಣ."

"ಒಟ್ಟಿಗೆ?"

"ಒಟ್ಟಿಗೆ."

ಪರೀಕ್ಷೆ ಮುಗಿದಿತ್ತು. ಅವನು ಕೈ ಮುಂದೆ ತಂದು, ವೈರು ಬಿಚ್ಚುತ್ತಿದ್ದ ಅವಳ ಬೆರಳುಗಳ ಮೇಲೆ ಇಟ್ಟ. ಒಂದೇ ಕ್ಷಣ. ಆ ದಿನವೆಲ್ಲ ಅವಳ ಬೆರಳು ಬೆಚ್ಚಗಿತ್ತು.

ಬೆಳಿಗ್ಗೆ ಅವಳು ಲ್ಯಾಬಿಗೆ ಬಂದಾಗ ಅವಳ ಮೇಜು ಬರಿದಾಗಿತ್ತು!

ಮ್ಯಾನೇಜರ್ ಕೋಣೆಯಲ್ಲಿ ಮೆಲ್ಲಣ್ಣ ಆಗಲೇ ನಿಂತಿದ್ದ. ಒಬ್ಬನೇ. ಅವಳಿಗಿಂತ ಮೊದಲೇ.

"ಬಾಮ್ಮಾ ಬಾ," ಎಂದರು ಮ್ಯಾನೇಜರ್, ಮಗಳನ್ನು ಕರೆಯುವಷ್ಟು ಅಕ್ಕರೆಯಿಂದ. "ಸ್ವಲ್ಪ ದಿನ ಪ್ಯಾಕಿಂಗ್ ಕಡೆ ನೋಡ್ಕೋ. ಅಲ್ಲಿ ಜನ ಸಾಲ್ತಿಲ್ಲ."

"ಯಾಕೆ ಸಾರ್? ನಾನು ಟೆಸ್ಟಿಂಗ್ ಇಂಜಿನಿಯರ್."

"ಅದಕ್ಕೇ. ಟೆಸ್ಟು ಮಾಡು ಅಂದ್ರೆ ಟೆಸ್ಟು ಮಾಡ್ಬೇಕು. ಮನೆಯಿಂದ ಕಥೆ ಕೇಳಿಕೊಂಡು ಬಂದು ಉದ್ದ ವೈರು ಹಾಕಿ, ಇಲ್ಲದ ತಪ್ಪು ಹುಟ್ಟಿಸೋದಲ್ಲ. ಗಿರಾಕಿಗಳು ಬರೋ ಹೊತ್ತು ಇದು."

ಉದ್ದ ವೈರಿನ ವಿಷಯ ಗೊತ್ತಿದ್ದದ್ದು ಇಬ್ಬರಿಗೆ. ಅವಳಿಗೆ... ಮತ್ತು ಅವನಿಗೆ.

"ನೀವೇ ಹೇಳಿ," ಅವಳು ಅವನ ಕಡೆ ತಿರುಗಿದಳು. "ನಿಮ್ಮ ಕಣ್ಣೆದುರಿಗೇ ಆರ್ತಲ್ಲ ಬಲ್ಬು? ಹೇಳಿ!"

ಅವನು ತನ್ನ ಬೂಟು ನೋಡಿಕೊಂಡ. ಕೈ ಬೆನ್ನ ಹಿಂದೆ ಕಟ್ಟಿತ್ತು.

ಬಾಯಿಯೂ.

ಬೈದವರನ್ನು ಮರೆಯಬಹುದು, ಹೊಡೆದವರನ್ನು ಎದುರಿಸಬಹುದು. ಸತ್ಯವನ್ನು ಕಣ್ಣಾರೆ ಕಂಡು ಪಕ್ಕದಲ್ಲಿ ನಿಂತು ಸುಮ್ಮನಿರುವವರನ್ನು ಏನು ಮಾಡುವುದು? ಮೇಲಿನವರ ಒಂದೊಂದು ಸುಳ್ಳೂ ನಿಂತಿರುವುದು ಇಂಥ ಒಳ್ಳೆಯವರ ಹೆಗಲ ಮೇಲೆ!

ಪ್ಯಾಕಿಂಗ್ ವಿಭಾಗದಲ್ಲಿ ಅವಳು ಪೆಟ್ಟಿಗೆಗಳಿಗೆ ಟೇಪು ಎಳೆದಳು. ಎಳೆದಾಗಲೆಲ್ಲ ಆ ಚರ್ ಎಂಬ ಸದ್ದು, ಯಾರದೋ ಬಾಯಿಗೆ ಅಂಟಿಸಿದಂತೆ. ಸಂಜೆ ಬಸ್ ನಿಲ್ದಾಣದಲ್ಲಿ ಅವನು ದೂರದಲ್ಲಿ ಬಾಡಿದ ಮುಖ ಹೊತ್ತು ನಿಂತಿರುತ್ತಿದ್ದ. ಅದನ್ನು ಕಂಡೊಡನೆ ಅವಳ ಮನಸ್ಸು ಅತ್ತಲೇ ಓಡುತ್ತಿತ್ತು. ಪಾಪ, ಏನು ಕಷ್ಟವಿತ್ತೋ... ಮರುಕ್ಷಣ ಆ ಬೂಟು ನೆನಪಾಗಿ ಕುಸಿದು ವಾಪಸ್ ಬರುತ್ತಿತ್ತು.

'ನಾನೂ ಆ ಹಾಳು ಬೋರ್ಡಿನ ಹಾಗೇ ಆದೆನಲ್ಲ!' ಎಂದು ತನ್ನ ಮೇಲೆಯೇ ಸಿಟ್ಟಾದಳು.

ಒಂದು ದಿನ ಅವನು ಪ್ಯಾಕಿಂಗ್ ಮೇಜಿನ ತನಕ ಬಂದ.

"ನಾನು... ನಿಮ್ಮ ಒಳ್ಳೇದಕ್ಕೇ..."

"ನನ್ನ ಒಳ್ಳೇದಾ? ಆ ಪೆಟ್ಟಿಗೇಲಿ ಹಾಕಿ ಟೇಪು ಸುತ್ತಿದೀನಿ. ಬೇಕಾದ್ರೆ ಹೊತ್ಕೊಂಡು ಹೋಗಿ!"

ಅವನು ಹೋದ. ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅಂಗೈಯ ಟೇಪಿನ ಅಂಟು ರೆಪ್ಪೆಗೆ ಹತ್ತಿ ಉರಿಯಿತು.

ಆ ವಾರವೇ ಅಕ್ಕ ಖುಷಿಯಿಂದ ಸುದ್ದಿ ತಂದಳು. "ನಮ್ಮ ವಾರ್ಡಿಗೇ ಹೊಸ ಪೆಟ್ಟಿಗೆ ಬರ್ತಾವಂತೆ ಕಣೇ! ಎರಡೆರಡು ಕರೆಂಟಿನವು. ನಾಳೆ ನಮ್ಮ ಡಾಕ್ಟರಮ್ಮನೇ ನಿಮ್ಮ ಕಂಪನಿಗೆ ನೋಡೋಕೆ ಬರ್ತಾರೆ."

ಕಿಡಿ ತುತ್ತನ್ನು ತಟ್ಟೆಗೇ ಇಟ್ಟಳು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅಕ್ಕನ ನಗು ಹಾರಿಹೋಯಿತು.

"ನಾನೇ ಡಾಕ್ಟರಮ್ಮನಿಗೆ ಹೇಳ್ಲಾ?"

"ಬಾಯಿಮಾತು ಬೇಡ ಅಕ್ಕ. ಇಲ್ಲದ ತಪ್ಪು ಹುಟ್ಟಿಸ್ತಾಳೆ ಅಂತ ಅಂದೇ ಆಗಿದೆ. ಅವರು ಕಣ್ಣಾರೆ ನೋಡ್ಬೇಕು. ಆದ್ರೆ... ನನ್ನ ಕೆಲಸ ಹೋಗುತ್ತೆ."

"ಹೋದ್ರೆ ನನ್ನ ಊಟದಲ್ಲಿ ಅರ್ಧ ನಿಂದು. ಪೆಟ್ಟಿಗೇಲಿರೋ ಕೂಸು ಹೋದ್ರೆ ಅವರಮ್ಮನಿಗೆ ನಾನು ಏನಂತ ಮುಖ ತೋರಿಸ್ಲಿ?"

ಮರುದಿನ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಗೇಣುದ್ದದ ದಪ್ಪ ವೈರು, ಹೊಳೆಯುವ ಬೋರ್ಡು. ಮ್ಯಾನೇಜರ್ ಪ್ಲಗ್ ಕಿತ್ತರು. ಬಲ್ಬು ಉರಿಯುತ್ತಲೇ ಇತ್ತು. ಚಪ್ಪಾಳೆ!

ಬಾಗಿಲು ತೆರೆಯಿತು. ಹೆಗಲ ಮೇಲೆ ತೆಳ್ಳನೆಯ ವೈರಿನ ಸುರುಳಿ ಹೊತ್ತು ಕಿಡಿ ಒಳಗೆ ಬಂದಳು.

"ಡಾಕ್ಟರ್, ನಿಮ್ಮ ವಾರ್ಡಿನ ವೈರು ಇಷ್ಟುದ್ದ ಇದೆಯಾ ಇಲ್ವಾ?"

ಕನ್ನಡಕದ ಮೇಲಿನಿಂದ ನೋಡಿದ ವೈದ್ಯೆ, "ಇದಕ್ಕಿಂತ ಉದ್ದ ಇದೆ. ಯಾಕೆ?" ಎಂದರು.

"ಏಯ್, ನಿನಗಿಲ್ಲಿ ಏನು ಕೆಲಸ?" ಮ್ಯಾನೇಜರ್ ದನಿಯಲ್ಲಿ ಅಕ್ಕರೆ ಉಳಿದಿರಲಿಲ್ಲ. "ಮೇಡಂ, ಇವಳು ಪ್ಯಾಕಿಂಗ್‌ನವಳು. ಬೋರ್ಡು ಮಾಡಿದವರೇ ಇಲ್ಲಿದ್ದಾರೆ, ಅವರನ್ನೇ ಕೇಳಿ. ಏನಪ್ಪಾ, ಏನಾದ್ರೂ ತೊಂದರೆ ಇದೆಯಾ?"

ಎಲ್ಲರ ಕಣ್ಣೂ ಮೆಲ್ಲಣ್ಣನ ಮೇಲೆ. ಅವನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಸುಮ್ಮನೆ...

ಮತ್ತೆ ಅದೇ ಮೌನ! ಅವಳ ಒಳಗೆ ಉಳಿದಿದ್ದ ಕೊನೆಯ ಎಳೆಯೂ ಪಟ್ಟನೆ ಹರಿಯುವುದರಲ್ಲಿತ್ತು.

"ಇದೆ."

ಅವನ ದನಿ ಮೆಲ್ಲಗಿರಲಿಲ್ಲ.

"ನನ್ನ ಬೋರ್ಡು ಸೋಲುತ್ತೆ. ನನಗೆ ಗೊತ್ತಿತ್ತು. ಕಂಡುಹಿಡಿದವರು ಇವರು, ಅದಕ್ಕೇ ಇವರನ್ನ ಪ್ಯಾಕಿಂಗ್‌ಗೆ ಹಾಕಿದ್ರು. ಸುಮ್ಮನಿದ್ದವನು ನಾನು." ಅವನು ಪಕ್ಕಕ್ಕೆ ಸರಿದು ಮೇಜಿನ ಮುಂದಿನ ಕುರ್ಚಿಯನ್ನು ಕಾಲಿನಿಂದ ಅವಳತ್ತ ದೂಡಿದ. "ಮುಟ್ಟೋ ಹಕ್ಕು ನನಗಿಲ್ಲ. ನೀವೇ ತೋರಿಸಿ."

ಅವಳು ವೈರು ಜೋಡಿಸಿ ತಿರುಪು ತಿರುಗಿಸಿದಳು. ಬಲ್ಬು ಮಿಣುಕಿತು. ಪಟಪಟಿಸಿತು. ಆರಿತು.

ವೈದ್ಯೆ ಎದ್ದು ಮೇಜಿನ ಹತ್ತಿರ ಬಂದರು.

"ಇದು ಪೆಟ್ಟಿಗೆ ಆಗಿದ್ದಿದ್ರೆ... ಒಳಗೆ ಮಗು ಇದ್ದಿದ್ರೆ?" ವೈದ್ಯೆ ಮ್ಯಾನೇಜರ್ ಕಡೆ ತಿರುಗಿದರು. "ಸರಿಮಾಡಿ ತನ್ನಿ. ಪರೀಕ್ಷೆ ಮಾಡೋದು ಈ ಹುಡುಗೀನೇ, ನನ್ನ ಎದುರಿಗೆ. ಇಲ್ಲಾಂದ್ರೆ ನಿಮ್ಮ ಪೆಟ್ಟಿಗೆ ನಮಗೆ ಬೇಡ."

ಮೆಟ್ಟಿಲ ಬಳಿ ಅವನು ಅವಳ ಹಿಂದೆ ಓಡಿ ಬಂದ.

"ಒಂದು ಮಾತು ಕೇಳಿ! ಅವತ್ತು ಬೇಗ ಬಂದಿದ್ದೆ. ತಪ್ಪು ನನ್ನದು ಅಂತ ನಾನೇ ಮೊದಲು ಒಪ್ಪಿಕೊಂಡ್ರೆ ನಿಮ್ಮ ಮೇಲೆ ಸಿಟ್ಟು ಬರಲ್ಲ ಅಂದ್ಕೊಂಡೆ. ಕಂಡುಹಿಡಿದದ್ದು ನೀವು ಅಂತ ಹೆಮ್ಮೆಯಿಂದ ಹೇಳಿದೆ. ಅವರು, 'ನೀನು ಬಾಯಿ ಬಿಟ್ರೆ ಅವಳ ಕೆಲಸ ಹೋಗುತ್ತೆ' ಅಂದ್ರು. ನೀವು ಒಳಗೆ ಬಂದ್ರಿ... ನನ್ನ ನಾಲಿಗೆ ಏಳಲಿಲ್ಲ."

ಇಷ್ಟು ದಿನ ಅವಳು ತಿಳಿದದ್ದು ಅವನು ತನ್ನನ್ನೇ ಮ್ಯಾನೇಜರ್‌ಗೆ ಮಾರಿಕೊಂಡನೆಂದು. ಹಾಗಲ್ಲ ಎಂದು ಈಗ ತಿಳಿಯಿತು. ಆದರೂ ಎದೆಯ ಉರಿ ಆರಲಿಲ್ಲ.

"ನನ್ನ ಕೆಲಸ ಉಳಿಸೋಕೆ ನನ್ನ ಬಾಯಿ ಮುಚ್ಚಿಸಿದ್ರಿ, ಅಲ್ವಾ? ಕೆಲಸ ಹೋದ್ರೂ ಪರವಾಗಿಲ್ವಾ ಅಂತ ಒಂದು ಮಾತು ನನ್ನ ಕೇಳಿದ್ರಾ? ಒಟ್ಟಿಗೆ ಅಂದವರು ನೀವು! ಅವರು ಬೆದರಿಸಿ ತುಳಿದ್ರು, ನೀವು ಪ್ರೀತಿಯಿಂದ ತುಳಿದ್ರಿ. ನೋವು ಎರಡೂ ಒಂದೇ ರೀ!"

ಪ್ರೀತಿ ಎಂಬ ಮಾತು ಬಾಯಿತಪ್ಪಿ ಬಂದಿತ್ತು.

"ಕ್ಷಮಿಸಿ ಅಂತ ಕೇಳಲ್ಲ," ಎಂದ ಅವನು. "ಬೋರ್ಡು ಸರಿಮಾಡ್ತೀನಿ."

ಅವಳು ತನ್ನ ಮೇಜಿಗೆ ಮರಳಿದಳು. ಅವನು ಬೋರ್ಡಿಗೆ ಒಂದು ಹೊಸ ಪಾಠ ಕಲಿಸುತ್ತಿದ್ದ: ಸೋತ ಕರೆಂಟನ್ನು ಒಮ್ಮೆ ಬಿಟ್ಟು ಬಂದಮೇಲೆ, ಅದು ಪೂರ್ತಿ ಚೇತರಿಸಿಕೊಂಡು ಅಲುಗಾಡದೆ ನಿಲ್ಲುವವರೆಗೆ ತಿರುಗಿ ಹೋಗಬಾರದು. ಅವಳೂ ಹೋಗಲಿಲ್ಲ. ದಿನಾ ನೋಡಿದಳು, ಅಷ್ಟೇ. ಸಭೆಯಲ್ಲಿ ಮ್ಯಾನೇಜರ್ ಬೋರ್ಡಿಗೆ ಬೆಸುಗೆ ಹಾಕುವ ಹೆಂಗಸರ ಮೇಲೆ ರೇಗಿದಾಗ, "ತಪ್ಪು ಅವರದಲ್ಲ ಸಾರ್, ನನ್ನ ಡ್ರಾಯಿಂಗಿನದು" ಎಂದು ಮೊದಲು ಎದ್ದು ನಿಂತವನು ಅವನು. ಅವಳು ನೋಡಲೆಂದಲ್ಲ, ಅವಳು ಬಾಗಿಲ ಹೊರಗಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಆ ಬೆಳಿಗ್ಗೆ ಬಂತು. ವೈದ್ಯೆ ಬರುವ ಮೊದಲು ಒಂದು ಸಲ ನೋಡೋಣವೆಂದು ಅವಳು ಉದ್ದ ವೈರು ಜೋಡಿಸಿದಳು. ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ತಿರುಪು ಇಳಿಯಿತು... ಇನ್ನೂ ಇಳಿಯಿತು... ಬೋರ್ಡಿನ ಮೇಲೆ ಒಂದು ಚುಕ್ಕಿ ದೀಪ ಆರಿ ಇನ್ನೊಂದು ಹೊತ್ತಿತು.

ಬಲ್ಬು ಮಿಣುಕಲಿಲ್ಲ!

ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಹಿಂದೆ ಕಟ್ಟಿತ್ತು.

"ಪರೀಕ್ಷೆ ಮುಗೀತು," ಎಂದಳು ಅವಳು. "ಕೈ ಮುಂದೆ ತನ್ನಿ."

ಅವನು ತಂದ. ಅವಳು ಆ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಇನ್ನೊಂದು ಸಲ ನೀವು ಸುಮ್ಮನಾದ್ರೆ?"

"ಕಿತ್ತುಹಾಕಿ ನನ್ನ."

"ಮೆಲ್ಲಗಾ?"

"ಬೇಡ... ಒಂದೇ ಏಟಿಗೆ. ಮೆಲ್ಲಗೆ ಸಾಯೋದು ಎಂಥದ್ದು ಅಂತ ಇಬ್ಬರೂ ನೋಡಿದೀವಿ." ಅವನು ಅವಳ ಕೈ ಬಿಡಲಿಲ್ಲ. "ನಿಮ್ಮನ್ನ ಪ್ರೀತಿಸ್ತೀನಿ ರೀ. ಇದನ್ನ ಮಾತ್ರ ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನ ಮಾಡಿದೀನಿ."

"ಇದಕ್ಕೆ ಕ್ಷಮೆ ಇದೆ." ಅವಳು ಅಳುತ್ತಲೇ ನಕ್ಕಳು. "ಸಂಜೆ ಮನೆಗೆ ಬನ್ನಿ. ಅಕ್ಕ ಕಾಯ್ತಿದ್ದಾಳೆ."

"ಏನಂತ ಪರಿಚಯ ಮಾಡಿಸ್ತೀರಿ? ಮೆಲ್ಲಣ್ಣ ಅಂತಲಾ?"

"ಅಯ್ಯೋ, ಆ 'ಅಣ್ಣ'ನ ಯಾವತ್ತೋ ಕಿತ್ತುಹಾಕಿದೀನಿ!"