ಹಳೆಯ ಕಾರಿನ ನಾಬ್

ಬೆಳಗಿನ ಜಾವ ಕುಡಚಿ ಸೇತುವೆ ಹತ್ತುವಾಗ ಕಾರಿನೊಳಗೆ ಟಕ್ ಎಂಬ ಸಣ್ಣ ಸದ್ದಾಯಿತು. ನಮ್ಮ ಹಳೆಯ ಕಾರಿನ ಫ್ಯಾನ್ ನಾಬ್ ತಿರುಗಿಸಿದರೆ ಹಾಗೇ ಸದ್ದಾಗುತ್ತಿತ್ತು. ಈ ಹೊಸ ಚಿಕ್ಕ ಕಾರಿನಲ್ಲಿ ನಾಬ್‌ಗಳೇ ಇಲ್ಲ, ಎಲ್ಲವೂ ಟಚ್‌ಸ್ಕ್ರೀನ್.

"ಮಂಜು ಭಾಳ ಐತಿ. ಸ್ಕ್ರೀನ್ ಒತ್ತಾಕ ಬರಂಗಿಲ್ಲ, ಒಬ್ಬಾಕಿನ ಅಥಣಿಗೆ ಹೊಂಟಾಳ!" ಎಂದು ಗಂಡ ಅಭಿನಂದನ ಹೊರಡುವಾಗ ನಕ್ಕಿದ್ದರು.

ಮುಂದಿನ ಗಾಜು ಪೂರ್ತಿ ಮಸುಕಾಯಿತು. ಸ್ಕ್ರೀನ್ ನೋಡಲು ಧೈರ್ಯ ಬರಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚಿದೆ. ದುಂಡನೆಯ, ತಣ್ಣನೆಯ ನಾಬ್ ಸಿಕ್ಕಿತು. ತಿರುಗಿಸಿದೆ. ಗಾಜು ತಿಳಿಯಾಯಿತು. ಎದುರಿಗೇ ದೀಪವಿಲ್ಲದ ಕಬ್ಬಿನ ಟ್ರೇಲರ್! ಬ್ರೇಕ್ ಒತ್ತಿ ಉಳಿದುಕೊಂಡೆ.

ಅಥಣಿ ತಲುಪಿ ಫೋನ್ ಮಾಡಿದೆ. "ಒಬ್ಬಾಕಿನ ಬಂದು ಮುಟ್ಟಿನ್ರಿ!"

"ಶಾಬ್ಬಾಸ್! ಇನ್ನ ನನ್ನೂ ನೀನ ಕರಕೊಂಡು ಹೋಗವಾ," ಎಂದರು. ಗೆದ್ದ ಖುಷಿಗೆ ಜೋರಾಗಿ ನಕ್ಕೆ.

ಆಗ ನೋಡಿದರೆ ಬೆರಳಿಗೆ ಹಸಿ ಕುಂಕುಮ ಹತ್ತಿತ್ತು. ದಸರೆಯಲ್ಲಿ ವಾಹನ, ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಅತ್ತೆ ಹಳೆಯ ಕಾರಿನ ಆ ನಾಬಿಗೆ ಕುಂಕುಮ ಹಚ್ಚುತ್ತಿದ್ದರು. ಆ ಕಾರು ಗುಜರಿ ಸೇರಿ ವರ್ಷವಾಗಿದೆ.

ಬೆರಳು ಒರೆಸಿಕೊಂಡೆ. ಹೇಳಿದರೆ ಮತ್ತೆ ಒಬ್ಬಳನ್ನೇ ಕಳಿಸುವುದಿಲ್ಲ; ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಅಲ್ಲೇ ನಿರ್ಧರಿಸಿದೆ.